ನೆಲೆ: ರಾಯಚೂರು

ಶುಕ್ರವಾರ, ಐದು ದಾಟಿದ ಹೊತ್ತು, ತೀನ್ ಕಂದೀಲ್ ಹತ್ತಿರದ
ಝೆರಾಕ್ಸ್ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಿಸಿಯಾಗಿ ಬರುತ್ತಿತ್ತು.
ಏಳನೆಯದು: ಮಳೆಕಾಡಿನ ಒಂದು ಮರವನ್ನು ವರ್ಗೀಕರಿಸಿ,
ಅದರ ನೆಲೆ ಬರೆಯಿರಿ. ಐದು ಅಂಕ.

ಆಗ ಹೊಗೆ ಬಂತು. ಹೊಗೆಯ ಹಿಂದೆ ಮೌಲಾಲಿ,
ನವಿಲುಗರಿಯ ಕಟ್ಟು, ಸರಪಳಿಗೆ ತೂಗುವ ಕೆಂಡದ ತಟ್ಟೆ.
ಒಂದು ಚಿಟಿಕೆ ಉದುರಿಸಿದ:
ಯಂತ್ರ, ಕಾಗದ, ಗಲ್ಲಾಪೆಟ್ಟಿಗೆ, ನಾನು,
ಒಂದು ಗಳಿಗೆ ಎಲ್ಲ ಮಾಯ.

ಕೆಮ್ಮುತ್ತಲೇ ಹೇಳಿದೆ, ಮೇಷ್ಟ್ರಿಕೆ ಬಿಡದು ನೋಡಿ:
ಇದು ಸುಮಾತ್ರದ ಗಿಡ, ಮೌಲಾಲಿ.
(ನಮ್ಮ ಕಡೆ ಮರಕ್ಕೂ ಗಿಡವೇ. ಸಸ್ಯಶಾಸ್ತ್ರ ಕಲಿತು ಕಲಿಸಿದ ಮೇಲೂ
ಬೀದಿಗಿಳಿದರೆ ನಾಲಿಗೆ ಮರ ಅನ್ನುವುದಿಲ್ಲ.)
"ಗಿಡ ಎಲ್ಲೀದು ಬಿಡ್ರಿ ಮೇಡಮ್ಮ, ಇದು ಕಲ್ಲು.
ನಮ್ಮಪ್ಪ ಕಲ್ಲು ಅಂತಿದ್ದ, ಒರಳಾಗ ಕುಟ್ಟತಿದ್ದ."

ಆಮೇಲೆ ಅವನ ವರ್ಗೀಕರಣ:
ಒಳಗ ಬಾದಾಮಿ ಒಡದಂಗ ಬಿಳಿ ಕಂಡರ ಖಾಸಾ,
ದರ್ಗಾಕ್ಕ, ಬಾಣಂತಿ ಕೋಣಿಗೆ.
ಕಂದು, ಅಂಗಡಿಗೋಳಿಗೆ.
ರಾಳ ಬೆರೆಸಿದ್ದು, ಉದ್ರಿ ಹೇಳೋರಿಗೆ.
ನೆಲೆ: ಬೇರೂನ್ ಕಿಲ್ಲಾದಿಂದ ಸ್ಟೇಷನ್ ರೋಡು.
ಅಲ್ಲಿಂದಾಚೆ ಅಳಿಯ ಖಾಜಾನ ಸರಹದ್ದು.

ನನ್ನದು ಹಲಗೆಯ ಮೇಲೆ:
ಗಣ ಎರಿಕೇಲಿಸ್. ಕುಟುಂಬ ಸ್ಟೈರಕೇಸಿ.
ಜಾತಿ ಎಂದು ಬರೆದಾಗ ಹಿಂದಿನ ಬೆಂಚು ಪ್ರತಿವರ್ಷ ನಗುತ್ತದೆ,
ಸರ್ಟಿಫಿಕೇಟು ತಹಸೀಲ್ದಾರರು ಕೊಟ್ಟರೇ ಮಿಸ್?
ಜಾತಿ ಸ್ಟೈರ್ಯಾಕ್ಸ್. ಪ್ರಭೇದ ಬೆಂಜೊಯಿನ್.
ಎಲೆಯ ಕೆಳಮೈ ಬೆಳ್ಳಿ, ಹೂವು ಬಿಳಿ.
ಸುಮಾತ್ರ, ಮಲಯ, ಜಾವಾ,
ಹೆಚ್ಚುಕಡಿಮೆ ದಿನವೂ ಮಳೆ (ಇಲ್ಲಿ ಒಬ್ಬಳು ನಿಟ್ಟುಸಿರು ಬಿಡುತ್ತಾಳೆ).
ಸುಮ್ಮನೆ ನಿಂತ ಗಿಡದಲ್ಲಿ ಲೋಬಾನ ಇರುವುದಿಲ್ಲ.
ತೊಗಟೆ ಕೊಯ್ದು, ತಿಂಗಳುಗಟ್ಟಲೆ ಕಾದ ಮೇಲೆ
ಗಾಯ ತನಗೆ ತಾನೇ ಹಾಕಿಕೊಂಡ ಬೀಗ ಇದು.

ಮೌಲಾಲಿ ಚಹಾ ಕುಡಿದ. ಅದೇ ಕೆಂಡಕ್ಕೆ ಬೀಡಿ ಹಚ್ಚಿದ.
ತಡವಾಗಿ ಹೊಳೆಯಿತು ನನಗೆ: ಚಹಾದ ಗಿಡವೂ ಎರಿಕೇಲಿಸ್,
ಬೀಡಿ ಸುತ್ತುವ ತುಮರಿ ಎಲೆಯೂ ಎರಿಕೇಲಿಸ್.
ಯಾವ ಕಾಲಕ್ಕೋ ಬೇರೆಯಾದ ಮೂವರು ದಾಯಾದಿಗಳು
ಒಬ್ಬನ ಮೂಗು ಬಾಯಿಯ ಹತ್ತಿರ ಕೂಡಿದ್ದರು.
ಹೇಳಿದೆ. "ಹಂಗಾದ್ರ ಚಹಾದ ರೊಕ್ಕ ನೀವ ಕೊಡ್ರಿ," ಅಂದ.

ಹೋಗುವಾಗ ಒಂದು ತುಂಡು ಕೊಟ್ಟ, ಖಾಸಾ,
ಅದಕ್ಕಂಟಿ ಉಗುರಷ್ಟು ತೊಗಟೆ.
ಪ್ರಯೋಗಾಲಯದ ಕಪಾಟಿನಲ್ಲಿಟ್ಟು ಚೀಟಿ ಬರೆದೆ:
ಸಂಗ್ರಹಿಸಿದವರು, ಮೌಲಾಲಿ. ಸ್ಥಳ, ರಾಯಚೂರು.
ಮಳೆ, ಎಂಬಲ್ಲಿ ಪೆನ್ನು ನಿಂತಿತು.

ದೇವದುರ್ಗದ ಸಾಬಮ್ಮ ಏಳನೆಯದಕ್ಕೆ ಬರೆದಿದ್ದಳು:
ಸುಮಾತ್ರ, ಜಾವಾ, ಮತ್ತು ನಮ್ಮವ್ವ ತಮ್ಮನ್ನ ಹಡೆದ ಕೋಣೆ.
ನಾಲ್ಕೂವರೆ ಕೊಟ್ಟೆ.
ಮಲಯ ಬಿಟ್ಟಿದ್ದಳು.

ಸೋಮವಾರ ಕಪಾಟು ತೆಗೆದರೆ ಚೀಟಿ ಇದೆ, ತುಂಡಿಲ್ಲ.
ಅಟೆಂಡರ್ ತಾಯಪ್ಪ ನೆಲ ನೋಡುತ್ತ ಅಂದ:
"ಸೊಳ್ಳಿ ಭಾಳ ಆಗಿದ್ವು ಮೇಡಂ. ಸುಟ್ಟೆ."
ಕಿಟಕಿಗಳು ಮುಚ್ಚಿಯೇ ಇದ್ದವು.
ಬಯ್ಯಬೇಕೆಂದು ಉಸಿರೆಳೆದುಕೊಂಡೆ,
ಎಳೆದುಕೊಳ್ಳುತ್ತಲೇ ಇದ್ದೆ.