ತೂಗುಗುಂಡು

ಎಪಿರಸ್ ಬೆಟ್ಟದ ನಮ್ಮೂರಲ್ಲಿ
ಗಂಡು ಹುಟ್ಟಿದರೆ ಮೊದಲು ಅಂಗೈ ನೋಡುತ್ತಾರೆ,
ಉಳಿ ಹಿಡಿಯುವಷ್ಟು ಅಗಲವಿದೆಯೇ ಅಂತ.

ಹಿಮ ಕರಗಿದ ವಾರವೇ ಹೊರಟುಬಿಡುತ್ತಾರೆ,
ಹೇಸರಗತ್ತೆಯ ಬೆನ್ನ ಮೇಲೆ ಸುತ್ತಿಗೆ, ಈರುಳ್ಳಿ,
ತಮ್ಮತಮ್ಮಲ್ಲೇ ಆಡುವ ಗುಟ್ಟುಮಾತು.
ಥೆಸಲಿಯ ಹೊಳೆಗಳ ಮೇಲೆ ಅವರ ಕಮಾನುಗಳಿವೆ.
ನಮ್ಮ ಹಳ್ಳಕ್ಕೆ
ಎರಡು ಪೈನ್ ದಿಮ್ಮಿ.

ಒಬ್ಬನಾದರೂ ಉಳಿಯಲಿ ಎಂದರು ಹಿರಿಯರು.
ಸ್ಟೆರ್ಯೋಸನಿಗೆ ನೀರಗಿರಣಿ ಕೊಟ್ಟರು,
ಅಕ್ರೋಟಿನ ಎರಡು ಮರ,
ನನ್ನನ್ನೂ.
ಮೂರು ವರ್ಷ ಜರಡಿ ಹಿಡಿದ.
ಚೆಲ್ಲಿದ ಹಿಟ್ಟಿನಲ್ಲಿ ಬೆರಳಿಂದ ಕಮಾನು ಬರೆದು
ಯಾರಾದರೂ ಬಂದರೆ ಊದಿಬಿಡುತ್ತಿದ್ದ.
ಸೇತುವೆ ಕಟ್ಟಪ್ಪಾ ಅಂತ
ಒಬ್ಬರೂ ಕೇಳಲಿಲ್ಲ. ನಾನೂ.

ಅವನ ತೂಗುಗುಂಡು ಬಚ್ಚಿಟ್ಟೆ,
ಅದಿಲ್ಲದೆ ಎಲ್ಲಿಗೆ ಹೋದಾನು?
ಹೋದ.
ದಾರಿಯಲ್ಲಿ ಸಿಕ್ಕ ಕಲ್ಲಿಗೆ ದಾರ ಕಟ್ಟಿಕೊಂಡನಂತೆ.

ಗುಂಡು ಹಿಟ್ಟಿನ ಮಡಕೆಯಲ್ಲೇ ಇತ್ತು.
ನಿನ್ನೆ ನೋಡುತ್ತೇನೆ, ಮಗಳು ಲಂಬ್ರಿನಿ
ದಿಮ್ಮಿಯ ಮೇಲೆ ಬೋರಲು ಮಲಗಿ
ಅದನ್ನು ಹಳ್ಳಕ್ಕೆ ಇಳಿಬಿಟ್ಟಿದ್ದಾಳೆ.
ಒಂದು ಕಣ್ಣು ಮುಚ್ಚಿ, ಅಪ್ಪನ ಹಾಗೇ.
"ದಾರ ಸಾಲದಮ್ಮಾ."

ಬೈಯಲು ಹೋದವಳು
ಸೊಂಟದ ಕಟ್ಟು ಬಿಚ್ಚಿ
ಗಂಟು ಹಾಕಿಕೊಟ್ಟೆ.