ಮೀಸಲು

ಆಧಾರಪತ್ರಗಳ ಕಟ್ಟಿನಡಿ, ಕಬ್ಬಿಣದ ಪೆಟ್ಟಿಗೆಯಲ್ಲಿ
ಆ ಬಿಳಿ ಅಂಗಿ ಈಗಲೂ ಇದೆ.
ನೀಲಿ ಜಾಸ್ತಿಯಾಗಿ ಪರೇಡಿನಲ್ಲಿ ಬೈಸಿಕೊಂಡದ್ದು.
ಮೊನ್ನೆ ತಲೆಯಿಂದ ತೂರಿಸಿ ನೋಡಿದೆ.
ಭುಜದಲ್ಲೇ ನಿಂತಿತು,
ಮೇಲೂ ಇಲ್ಲ, ಕೆಳಗೂ ಇಲ್ಲ.
ಲಲಿತೆ ಬಂದು ಎಳೆದು ತೆಗೆಯಬೇಕಾಯಿತು.

ದೇಶಕ್ಕಾಗಿ ಸೇರಿದೆ ಎಂದರೆ ಸುಳ್ಳು.
ಭಾನುವಾರ ಎರಡು ಪೂರಿ, ಆಲೂಗಡ್ಡೆ ಪಲ್ಯ,
ಮತ್ತೆ ಪುಕ್ಕಟೆ ಬೆಲ್‌ಬಾಟಂ.
ಅಮ್ಮ ಕೇಳಿದಳು, ಮೀಸಲು ದಳ ಅಂದರೆ ಎಂತದು?
ಯುದ್ಧ ಬಂದರೆ ಕರೀತಾರೆ, ಬಾರದಿದ್ದರೆ ಇಲ್ಲ.
ಹಾಗಾದರೆ ಅಡ್ಡಿಯಿಲ್ಲ, ಎಂದಳು.
ಅವಳಿಗೆ ಗೊತ್ತಿದ್ದ ಮೀಸಲು ಒಂದೇ:
ಹಳದಿ ಬಟ್ಟೆಯಲ್ಲಿ ಗಂಟು ಹಾಕಿ
ದೇವರ ಹಲಗೆಯಲ್ಲಿಟ್ಟ ನಾಣ್ಯ.
ಎಷ್ಟೇ ಕಷ್ಟ ಬಂದರೂ ಮುಟ್ಟುವಂತಿಲ್ಲ.

ಚಂದ್ರಗಿರಿಯ ಅಳಿವೆಯಲ್ಲಿ ನಮಗೆ ಪಾಠ.
ಕುಞಂಬು ನಾಯರ ಪೀಪಿ, ಐದು ಹುಟ್ಟಿನ ದೋಣಿ,
ಅಂಗೈಯಲ್ಲಿ ಬೊಬ್ಬೆ.
ತಳಂಗರೆಯ ಬೀರಾನ್ ನನ್ನ ಜೋಡಿ.
ಅವನ ಉಮ್ಮ ತೊಪ್ಪಿ ಹೊಲಿಯುವವರು;
ಸರಕಾರದ ತೊಪ್ಪಿಯನ್ನು ತಿರುಗಿಸಿ ನೋಡಿ
'ಇದು ಯಾರು ಹೊಲಿದದ್ದು, ಪಾಪ' ಎಂದು
ರಾತ್ರಿ ಕೂತು ಎರಡನ್ನೂ ಸರಿಮಾಡಿ ಕೊಟ್ಟರು.
ದಳದಲ್ಲಿ ನಮ್ಮಿಬ್ಬರ ತಲೆ ಮಾತ್ರ ನೆಟ್ಟಗಿತ್ತು.

ಬಾವುಟದ ಪಾಠ: ಕೈಯೆರಡು, ಅಕ್ಷರ ಇಪ್ಪತ್ತಾರು.
ಅವನು ಆ ದಡ, ನಾನು ಈ ದಡ.
ಊರ ಹೆಸರು ಕಳಿಸು ಎಂದರೆ
ಅವನದು 'ತಲಂಗರೆ' ಆಗಿ ಬರುತ್ತಿತ್ತು.
ಳ ಇಲ್ಲ.
ಅವನ ಮಲಯಾಳದಲ್ಲಿದೆ, ನನ್ನ ಕನ್ನಡದಲ್ಲಿದೆ,
ನೌಕಾದಳ ಎಂಬ ಮಾತಿನಲ್ಲೇ ಇದೆ,
ನೌಕಾದಳದ ಬಾವುಟದಲ್ಲಿ ಇಲ್ಲ!
ನಾವೇ ಒಂದು ಮಾಡಿದೆವು:
ಲ ತೋರಿಸಿ, ಮೊಣಕಾಲು ಬಗ್ಗಿಸಿ, ಏಳುವುದು.
ನಾಯರು ಕಂಡರು. ಹೊಯಿಗೆಯಲ್ಲಿ ಮೂರು ಸುತ್ತು ಓಟ.
'ಈ ಅಕ್ಷರ ಯಾವ ಹಡಗಿಗೂ ತಿಳಿಯದು ಮಕ್ಕಳೇ.'

ಮತ್ತೆ ಆ ಡಿಸೆಂಬರ್.
ಲಾಟೀನಿಗೆ ಕಪ್ಪು ಕಾಗದ, ರೇಡಿಯೋಗೆ ಕಿವಿ.
ಎಂಟು ರಾತ್ರಿ ಶಾಲೆಯ ಬೆಂಚಿನ ಮೇಲೆ
ಬೂಟು ಕಟ್ಟಿಯೇ ಮಲಗಿದೆವು.
ಆರನೆಯ ರಾತ್ರಿ ಕಡಲಲ್ಲಿ ಬೆಳಕು.
ಬೀರಾನ್ ಟಾರ್ಚಿನಲ್ಲಿ ಕೇಳಿದ: ಯಾರು?
ಉತ್ತರವಿಲ್ಲ. ಇನ್ನೊಮ್ಮೆ: ಯಾರು?
ನನ್ನ ಬಾಯಲ್ಲಿ ನಾಲಿಗೆ ಒಣ ಮೀನು.
ಆಗ ಕತ್ತಲೆಯಿಂದ ಮೀನುಗಾರ ಅಂಬಾಡಿಯ ಸ್ವರ:
'ಬೆಳಕು ಆರಿಸೋ ಶನಿಯೇ, ಬೂತಾಯಿ ಓಡುತ್ತದೆ!'
ನಮ್ಮ ಯುದ್ಧ ಅಷ್ಟೇ.

ಕರೆ ಬರಲಿಲ್ಲ.
ನಾನು ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ
ಆಧಾರ ಬರೆಯಲು ಕೂತೆ.
ದಿಕ್ಸೂಚಿಯ ಮೂವತ್ತೆರಡು ದಿಕ್ಕು ಬಾಯಿಪಾಠ ಮಾಡಿದವ
ನಾಲ್ಕರಲ್ಲೇ ಹೊಟ್ಟೆ ಹೊರೆದೆ:
ಮೂಡಲು ಸರಕಾರಿ ತೋಡು, ತೆಂಕಲು ಅಣ್ಣನ ಪಾಲು,
ಬಡಗಲು ದಾರಿ, ಪಡುವಲು ಕಡಲು.
ಪಡುವಲು ಕಡಲು ಎಂದು ಬರೆದಾಗೆಲ್ಲ
ಪೆನ್ನು ಸ್ವಲ್ಪ ನಿಲ್ಲುತ್ತಿತ್ತು. ಯಾರೂ ಕೇಳಲಿಲ್ಲ.
'ನೀವು ಮಾಜಿ ಸೈನಿಕರೋ?' ಬ್ಯಾಂಕಿನ ಹುಡುಗಿ ಕೇಳಿದ್ದಳು,
ಫಾರಂ ಮುಂದಿಟ್ಟು.
ಹೌದು ಎಂದರೆ ಸುಳ್ಳು.
ಅಲ್ಲ ಎನ್ನಲು ಬಾಯಿ ಬರಲಿಲ್ಲ.
ಆ ಸಾಲು ಖಾಲಿ ಬಿಟ್ಟೆ.

ಅಮ್ಮ ಹೋದ ಮೇಲೆ ಹಳದಿ ಗಂಟು ಬಿಚ್ಚಿದೆ.
ಈಗ ನಡೆಯದ ನಾಲ್ಕಾಣೆ, ಹಸುರು ಹಿಡಿದದ್ದು.
ಯಾವ ದೇವರಿಗೆಂದು ಹೇಳಿ ಹೋಗಿರಲಿಲ್ಲ.

ಕಳೆದ ತಿಂಗಳು ಸಂಜೆ, ಇಳಿತದ ಹೊತ್ತು,
ಕೀಳೂರಿನ ದಡದಲ್ಲಿ ನಿಂತಿದ್ದೆ.
ಆಚೆ ತಳಂಗರೆಯ ಕಟ್ಟೆಯಲ್ಲಿ ಬಿಳಿ ತೊಪ್ಪಿಯ ಮುದುಕ.
ದುಬೈ, ಎರಡು ಸ್ಟೆಂಟ್, ಆಮೇಲೆ ಊರು,
ಹಾಗೆಂದು ಕೇಳಿದ್ದೆ. ಅವನೋ ಅಲ್ಲವೋ.
ಎರಡೂ ಕೈ ಅಗಲಿಸಿ ನಿಂತೆ, ಬೆರ್ಚಪ್ಪನ ಹಾಗೆ:
ತಲುಪಿದೆ ಎಂಬ ಸಂಜ್ಞೆ.
ಏನು ತಲುಪಿದ್ದು, ಯಾರು ಕಳಿಸಿದ್ದು, ನನಗೂ ತಿಳಿಯದು.
ಬಲೆ ಕೊಡವುತ್ತಿದ್ದ ಹುಡುಗರು ನಕ್ಕರು.

ಬಹಳ ಹೊತ್ತು ಆಚೆ ಏನೂ ಇಲ್ಲ.
ಆಮೇಲೆ ಆ ಮುದುಕ
ಒಂದು ಕೈಯಿಂದ ಕಟ್ಟೆ ಹಿಡಿದುಕೊಂಡು
ನಿಧಾನಕ್ಕೆ, ನೋವಿಗೋ ಎಂಬಂತೆ,
ಮೊಣಕಾಲು ಬಗ್ಗಿಸಿ
ಎದ್ದ.