ವಾಲ್ವಿನ ಮೂತಿ

ಗುತ್ತಲು ರಸ್ತೆಯ ಇನಾಯತ್ ಸಾಬರ ಗ್ಯಾರೇಜಿನಲ್ಲಿ
ಜೀಪಿನ ಎಡಮಗ್ಗುಲಿಗೆ ಬೆರಳಗೆಣ್ಣು ಬಡಿಯುತ್ತ ನಿಂತಿದ್ದೇನೆ
ಹಲಸಿನಕಾಯಿ ನೋಡುವವರ ಹಾಗೆ.
ಠಣ್. ಠಣ್. ಠಣ್.
ಆಮೇಲೊಂದು ದೊಬ್.
"ಇಲ್ಲೊಂದು ತೂತಿತ್ತು, ಉಜ್ಜು."

ಚೌಡೇಶ ಎಮರಿ ಕಾಗದ ಹಿಡಿದ.
ಮೊದಲು ಉದುರಿದ್ದು ಯಾವುದೋ ಎಲೆಕ್ಷನ್ನಿಗೆ ಬಳಿಸಿದ ಬಿಳಿ,
ಅದರಡಿ ಅಕ್ಕಿ ಗಿರಣಿಯ ನೀಲಿ,
ಅದರಡಿ ಅರವತ್ತೆರಡನೇ ಇಸವಿಯ ಹಸಿರು,
ಬಾಳೆಯೆಲೆಯ ಬೆನ್ನಿನಂಥದು.
ಹಸಿರಿನ ನಡುವೆ ಪುಟ್ಟಿ ಮೆತ್ತಿದ ಮೂರು ತೂತು,
ಒಲೆಗುಂಡು ಹೂಡಿದ ಹಾಗೆ.

"ಹಿಂದ್ಗಡೀಕೇ ಹಾಕ್ಬುಡಾನ ಕಣಕ್ಕ" ಅಂದ ಹುಡುಗ,
"ಸ್ಟೆಪ್ನಿ ಯಾವತ್ತಿದ್ರೂ ಹಿಂದ್ಗಡೆ ತಾನೆ?"
ಪಕ್ಕದ ಟೀ ಅಂಗಡಿ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
ಸಾಬರ ಕೈಯ ಸ್ಪ್ಯಾನರು ನೆಲಕ್ಕೆ ಬಿತ್ತು.
ಬಿದ್ದದ್ದೋ, ಬಿಟ್ಟದ್ದೋ.

ಹುಡುಗನಿಗೆ ಗೊತ್ತಿಲ್ಲ, ಇನ್ನೂ ಹತ್ತೊಂಬತ್ತು.
ಮಂಡ್ಯಕ್ಕೆ ಗೊತ್ತು.
ರೇಷನ್ ಕಾರ್ಡಿನಲ್ಲಿ ನಾನು ಸಾಕಮ್ಮ,
ಊರ ಬಾಯಲ್ಲಿ ಇಪ್ಪತ್ತಾರು ವರ್ಷ
ಆ ಇನ್ನೊಂದು.
ಯಜಮಾನರು ಗುರುವಾರ ಬರುತ್ತಿದ್ದರು,
ಯಾರಿಗೂ ತಿಳಿಯಬಾರದೆಂದು ಜೀಪನ್ನು
ನಾಲೆ ಏರಿಯ ಮೇಲೆ ಬಿಟ್ಟು, ನಡೆದು.
ಸೈಲೆನ್ಸರ್ ಒಡೆದದ್ದು ಮಾತ್ರ
ಒಂದು ದಿನವೂ ರಿಪೇರಿ ಮಾಡಿಸಲಿಲ್ಲ.
ಮೂರೂರಿಗೆ ಕೇಳುತ್ತಿತ್ತು ಅವರ ಗುಟ್ಟು.

ಅವರು ಹೋದ ಮೇಲೆ ಗಿರಣಿ ಒಬ್ಬನಿಗೆ, ಗದ್ದೆ ಇನ್ನೊಬ್ಬನಿಗೆ.
ಇಲಿ ಸಂಸಾರ ಹೂಡಿದ್ದ ಇದನ್ನು ಯಾರೂ ಕೇಳಲಿಲ್ಲ.
ಕಟ್ಟಿಕೊಂಡಾಕೆಯೇ ಕಳಿಸಿದರು,
ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ.
ಜೊತೆಗೆ ಆರ್‌.ಸಿ. ಪುಸ್ತಕ.
ಒಳಗೊಂದು ಚೀಟಿ ಇರಬಹುದೆಂದು
ಅಂಟಿದ ಹಾಳೆಗಳನ್ನೂ ಉಗುರಲ್ಲಿ ಬಿಡಿಸಿದೆ.
ಇರಲಿಲ್ಲ.

"ತಗಡು ತಾಳಲ್ಲಮ್ಮ," ಅಂದರು ಸಾಬರು.
"ಇಪ್ಪತ್ತು ಕೇಜಿ ನೇತಾಡ್ತದೆ. ಒಳಗಿಂದ ಪಟ್ಟಿ ಕೊಡಬೇಕು."
ಒಳಗೆ ಆಸರೆಯಿಲ್ಲದೆ ಹೊರಗೆ ಭಾರ ಹೊತ್ತರೆ
ತಗಡು ಹೇಗೆ ಸೀಳುತ್ತದೆಂದು
ಎರಡೂ ಅಂಗೈ ಹಿಡಿದು ತೋರಿಸಿದರು.
ಕಂಡಿದ್ದೇನೆ ಅನ್ನಲಿಲ್ಲ.

ಪಟ್ಟಿ ಕೂತಿತು. ವೆಲ್ಡಿಂಗಿನ ಬೆಳಕಿಗೆ
ಸೆರಗು ಅಡ್ಡ ಹಿಡಿದೆ.
ಬ್ರಾಕೆಟ್ಟು, ಮೂರು ಬೋಲ್ಟು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಗ್ರೀಸು.
ಚೌಡೇಶ ಮೊಣಕಾಲು ಕೊಟ್ಟು ಎತ್ತಿದ,
ನಾನು ಹೆಗಲು ಕೊಟ್ಟೆ.

ಹದಿನಾರಿಂಚಿನ ಟೈರು. ಕೊಂಡು ಒಂಬತ್ತು ವರ್ಷ,
ಒಮ್ಮೆಯೂ ರಸ್ತೆ ಮುಟ್ಟಿಲ್ಲ,
ಹುಟ್ಟುಗೂದಲಿನ ಹಾಗೆ ರಬ್ಬರಿನ ಎಳೆ
ಮೈತುಂಬ ಇನ್ನೂ ಇದೆ.
ಆದರೂ ಅಂಚಿನಲ್ಲಿ ಸಣ್ಣಗೆ ಬಿರುಕು.
ಬರೀ ಕಾದರೂ ಸವೆಯುತ್ತದೆ ರಬ್ಬರು.

ನಟ್ಟು ಬಿಗಿಯಾಯಿತು. "ಸೂಪರ್ ಕಣಕ್ಕ!"
ಒಂದು ಸುತ್ತು ಬಂದು ನೋಡಿದೆ.
"ಬಿಚ್ಚು."
"ಯಾಕಕ್ಕ?"
"ವಾಲ್ವಿನ ಮೂತಿ ಒಳಗಾಗೈತೆ,
ತಗಡಿಗೆ ಒತ್ಕಂಡು ಕುಂತೈತೆ.
ಗಾಳಿ ಐತೋ ಇಲ್ವೋ ಅಂತ
ಯಾರು ಎಲ್ಲಿ ಕೇಳ್ಬೇಕು?"
ಹುಡುಗ ಸಾಬರ ಮುಖ ನೋಡಿದ.
ಸಾಬರು ಬೀಡಿ ಆರಿಸಿ, ಕಿವಿಗೆ ಸಿಕ್ಕಿಸಿಕೊಂಡು
ತಾವೇ ಬಿಚ್ಚಿದರು,
ತಿರುಗಿಸಿ ಕೂರಿಸಿದರು.

ಗೇಜು ಒತ್ತುವಾಗ ಉಸ್ಸೆಂದು ಚೂರು ತಪ್ಪಿಸಿಕೊಂಡಿತು
ಒಂಬತ್ತು ವರ್ಷದ ಗಾಳಿ, ನೇರ ನನ್ನ ಮುಖಕ್ಕೆ.
ಮುಚ್ಚಿಟ್ಟ ಗೋಡೌನಿನ ವಾಸನೆ.
"ಇಪ್ಪತ್ತೆರಡು ಪೌಂಡು," ಅಂದರು ಸಾಬರು,
"ಪರವಾಗಿಲ್ಲ, ಉಳಿಸ್ಕೊಂಡಿದೆ."

ಸಾವಿರದೆಂಟುನೂರು ಕೊಟ್ಟೆ. ಐವತ್ತು ಚೌಡೇಶನ ಜೇಬಿಗೆ.
ಸೈಲೆನ್ಸರ್ ಬದಲಾಯಿಸಲೇ ಅಂತ ಕೇಳಿದರು,
ಬೇಡ ಅಂದೆ.
ಟೀ ಅಂಗಡಿ ಮುಂದೆ ಹಾಯುವಾಗ
ಗೇರು ಇಳಿಸಿ ನಿಧಾನ ಮಾಡಿದೆ.
ಬೆಂಚು ಎಡಕ್ಕಿತ್ತು.